ಸ್ಕ್ರಾಲ್ ಕಂಪ್ರೆಸರ್
ಎರಡು ಲೋಹದ ಸುರುಳಿಗಳ ನಡುವೆ ಅನಿಲವನ್ನು ಒತ್ತುವ ಯಂತ್ರ. ಒಂದು ಸುರುಳಿ ಸ್ಥಿರ. ಇನ್ನೊಂದು ತಾನು ತಿರುಗದೆ ಪುಟ್ಟ ವೃತ್ತದಲ್ಲಿ ಸುತ್ತು ಹಾಕುತ್ತದೆ. ಹೊರ ಅಂಚಿನಲ್ಲಿ ಸಿಕ್ಕಿಬಿದ್ದ ಅನಿಲ ಅರ್ಧಚಂದ್ರಾಕಾರದ ಪೊಳ್ಳುಗಳಲ್ಲಿ ಕುಗ್ಗುತ್ತಾ ನಡುವಿನ ರಂಧ್ರದತ್ತ ಸಾಗುತ್ತದೆ. ಫ್ರೆಂಚ್ ಎಂಜಿನಿಯರ್ ಲಿಯೋನ್ ಕ್ರೂ 1905ರಲ್ಲೇ ಇದಕ್ಕೆ ಅಮೆರಿಕದ ಪೇಟೆಂಟ್ ಪಡೆದರು. ಆದರೆ ಅನಿಲ ಸೋರದಷ್ಟು ನಿಖರವಾಗಿ ಸುರುಳಿ ಕೊರೆಯುವುದು ಕಷ್ಟವಾದ್ದರಿಂದ 1980ರ ದಶಕದವರೆಗೆ ಮಾರುಕಟ್ಟೆ ಸಿಗಲಿಲ್ಲ.

ಅಮೆರಿಕದ ಅಟ್ಲಾಂಟಾ, ಕೆರೊಲಿನಾಗಳು ಮತ್ತು ವಾಷಿಂಗ್ಟನ್ ಡಿ.ಸಿ. ಸುತ್ತಲಿನ ಮನೆಗಳಿಗೆ ಸ್ಕ್ರಾಲ್ ಕಂಪ್ರೆಸರ್ ಚೆನ್ನಾಗಿ ಒಗ್ಗುತ್ತದೆ. ಅಲ್ಲಿನ ಬೇಸಿಗೆ ದೀರ್ಘ, ಸೆಕೆಯದು, ಚಳಿಗಾಲ ಸಾಧಾರಣ. ಹಾಗಾಗಿ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬಿಸಿ ಕೊಡುವ ಹೀಟ್ ಪಂಪ್ ಬಳಕೆ ಹೆಚ್ಚು. ಅದರೊಳಗೆ ಎರಡೂ ಋತುಗಳಲ್ಲಿ ದುಡಿಯುವ ಕಂಪ್ರೆಸರಿಗೆ ಚಲಿಸುವ ಭಾಗ ಕಡಿಮೆಯಿದ್ದಷ್ಟೂ ಒಳ್ಳೆಯದು. ಪಿಸ್ಟನ್ ಮಾದರಿಯಲ್ಲಿ ಕವಾಟಗಳು ಬಡಿದು ಸವೆಯುತ್ತವೆ, ಸಿಲಿಂಡರಿನ ತುದಿಯಲ್ಲಿ ಉಳಿದ ಅನಿಲ ಮತ್ತೆ ಹಿಗ್ಗಿ ಹೊಸ ಅನಿಲಕ್ಕೆ ಜಾಗ ಕಡಿಮೆಯಾಗುತ್ತದೆ. ಸ್ಕ್ರಾಲಿನಲ್ಲಿ ಹೀರುವ ಕವಾಟವೇ ಬೇಡ. ಸುರುಳಿಯ ಆಕಾರವೇ ಒತ್ತಡದ ಅನುಪಾತವನ್ನು ನಿಗದಿಮಾಡುವುದರಿಂದ ಅತಿ ಚಳಿಯಲ್ಲಿ ದಕ್ಷತೆ ಕುಸಿಯುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಅಂಥ ಚಳಿ ಅಟ್ಲಾಂಟಾದಲ್ಲಿ ಅಪರೂಪ. ವಾಷಿಂಗ್ಟನ್ನಿನಂಥ ಕಡೆಗೆ ಅನಿಲ ಒತ್ತುವ ನಡುವೆಯೇ ಶೀತಕದ ಆವಿ ಸೇರಿಸುವ ಮಾದರಿಗಳಿವೆ. ಸಣ್ಣ ಸ್ಪ್ಲಿಟ್ ಎಸಿಗೆ ಮಾತ್ರ ಇನ್ವರ್ಟರ್ ರೋಟರಿಯೇ ಅಗ್ಗ. ದೊಡ್ಡ ಕಟ್ಟಡಗಳ ಚಿಲ್ಲರ್‌ಗಳಿಗೆ ಸ್ಕ್ರೂ ಇಲ್ಲವೇ ಸೆಂಟ್ರಿಫ್ಯೂಗಲ್ ಮಾದರಿ ಸೂಕ್ತ.