ವಾಯಿದೆ ತೀರಿದ ಪಟಾಲಂ

ಪಟಾಲಮುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಣರಂಗದಲ್ಲಿ ನಿಂತವರ ಕಥೆಯನ್ನೇ ಹೇಳುವರು. ಇಂದು ನಾವು ಶ್ರೋತೃಗಳ ಮುಂದಿಡುವುದು, ಫಿರಂಗಿಯ ಸದ್ದು ಕಿವಿಗೆ ಬೀಳುತ್ತಿರುವಾಗಲೇ ಅದಕ್ಕೆ ಬೆನ್ನು ಮಾಡಿ ಮನೆಯ ದಾರಿ ಹಿಡಿದ ಒಂದು ಕಾಲಾಳು ಪಟಾಲಮಿನ ವೃತ್ತಾಂತ. ಅಮೆರಿಕದ ಅಂತರ್ಯುದ್ಧದ ಮೊದಲ ವರ್ಷದಲ್ಲಿ ಸೇವೆ ಮಾಡಿದ ಪೆನ್ಸಿಲ್ವೇನಿಯಾದ ನಾಲ್ಕನೆಯ ಪಟಾಲಂ ಅದು.

1861ನೆಯ ಏಪ್ರಿಲ್ 12ರಂದು ದಕ್ಷಿಣದವರು ಸಮ್ಟರ್ ಕೋಟೆಯ ಮೇಲೆ ಗುಂಡಿನ ಮಳೆಗರೆದರು. 15ರಂದು ಅಧ್ಯಕ್ಷ ಲಿಂಕನ್ನನು 75,000 ಜನರನ್ನು ದಂಡಿಗೆ ಕರೆದನು. ಕರೆದುದು ಮೂರೇ ತಿಂಗಳ ಮಟ್ಟಿಗೆ. ಇದಕ್ಕೆ ಶತ್ರುವಿನ ವಿಷಯದಲ್ಲಿ ತಾತ್ಸಾರವೊಂದೇ ಕಾರಣವಲ್ಲ. ಸಂಸ್ಥಾನಗಳ ಮಿಲಿಷಿಯ ದಂಡನ್ನು ವರ್ಷವೊಂದರಲ್ಲಿ ಮೂರು ತಿಂಗಳಿಗೆ ಮೀರಿ ದುಡಿಸಿಕೊಳ್ಳಲು 1795ರ ಕಾನೂನು ಅಧ್ಯಕ್ಷನಿಗೆ ಅಧಿಕಾರ ಕೊಟ್ಟಿರಲಿಲ್ಲ. ನಾರಿಸ್‌ಟೌನ್ ಮತ್ತು ಅದರ ಸುತ್ತಣ ಊರುಗಳ ಜನರೇ ಹೆಚ್ಚಾಗಿದ್ದ ನಾಲ್ಕನೆಯ ಪಟಾಲಂ ಏಪ್ರಿಲ್ 20ರಂದು ಹ್ಯಾರಿಸ್‌ಬರ್ಗಿನಲ್ಲಿ ಸೇವೆಗೆ ಸೇರಿತು. ಅದರ ಕರ್ನಲ್, ಜಾನ್ ಹಾರ್ಟ್‌ರಾನ್ಫ್ಟ್.

ಜುಲೈ 16ರಂದು ಸೇನಾನಿ ಮೆಕ್‌ಡೊವೆಲ್ಲನು ಸುಮಾರು 35,000 ಜನರೊಡನೆ ವಾಷಿಂಗ್ಟನ್ನಿನ ಕಡೆಯಿಂದ ಹೊರಟನು. ದಂಡು ಇನ್ನೂ ಪಳಗಿಲ್ಲವೆಂದು ಅವನಿಗೆ ತಿಳಿದಿದ್ದಿತು. ಆದರೆ ಮೂರು ತಿಂಗಳವರು ಮನೆಗೆ ಹೊರಡುವ ದಿನ ಸಮೀಪಿಸಿದ್ದುದರಿಂದ ತಡೆಯುವಂತೆಯೂ ಇರಲಿಲ್ಲ. ಹೀಗೆ ಅವಸರದಿಂದ ಹೊರಟವನು ಸೆಂಟರ್‌ವಿಲ್ ಎಂಬಲ್ಲಿ ಆಹಾರ ಸಾಮಗ್ರಿಗೂ ಶತ್ರುವಿನ ನೆಲೆಯನ್ನು ಅರಿಯುವುದಕ್ಕೂ ಎರಡು ದಿನ ನಿಲ್ಲಬೇಕಾಯಿತು. ಆ ಎರಡು ದಿನಗಳ ಬೆಲೆ ಬಹಳವಾಯಿತು. ಷೆನಂಡೋವ ಕಣಿವೆಯಿಂದ ದಕ್ಷಿಣದ ಸೇನಾನಿ ಜಾನ್‌ಸ್ಟನ್ನನ ದಂಡು ರೈಲಿನಲ್ಲಿ ಬಂದು ಶತ್ರುವನ್ನು ಕೂಡಿಕೊಂಡಿತು. ಅವನನ್ನು ಕಣಿವೆಯಲ್ಲಿಯೇ ತಡೆದಿರಬೇಕಾಗಿದ್ದ ಪ್ಯಾಟರ್‌ಸನ್ನನ ಕೈಕೆಳಗೂ ವಾಯಿದೆ ತೀರುತ್ತಿದ್ದ ಪಟಾಲಮುಗಳೇ ತುಂಬಿದ್ದವು! ಇತ್ತ ನಾಲ್ಕನೆಯ ಪಟಾಲಮಿನ ವಾಯಿದೆ 20ಕ್ಕೆ ಮುಗಿಯಿತು.

ಕೆಲವು ದಿನ ನಿಲ್ಲಿರೆಂದು ಮೆಕ್‌ಡೊವೆಲ್ಲನು ಪಟಾಲಮಿಗೆ ಬರೆದು ಕೇಳಿಕೊಂಡನು. ನ್ಯೂಯಾರ್ಕಿನ ಎಂಟನೆಯ ಮಿಲಿಷಿಯದ ಫಿರಂಗಿದಳದವರದೂ ಇದೇ ಹಟ. ಯುದ್ಧಮಂತ್ರಿಯೇ ಅಲ್ಲಿದ್ದು, ಐದು ದಿನವಾದರೂ ನಿಲ್ಲಿರೆಂದು ಹೇಳಿನೋಡಿದನು. ಎರಡೂ ವ್ಯರ್ಥವಾದವು. 21ರ ಭಾನುವಾರ ಮುಂಜಾನೆ ದಂಡು ಬುಲ್ ರನ್ ಹೊಳೆಯ ಕಡೆಗೆ ನಡೆದಾಗ ಇವರು ಹಿಂದಕ್ಕೆ ನಡೆದರು. ಸೇನಾನಿಯು ತನ್ನ ವರದಿಯಲ್ಲಿ ಈ ಸಂಗತಿಯನ್ನು ಮುಚ್ಚಿಡಲಿಲ್ಲ. ಪಟಾಲಮಿಗೆ ಅಂಟಿದ ಅಪಕೀರ್ತಿಯು ಆ ವರದಿಯಿಂದಲೇ ಊರೂರಿಗೆ ಹರಡಿತು.

ಇವರನ್ನು ಹೇಡಿಗಳೆನ್ನಬಹುದೆ? ನಮಗೆ ಹಾಗೆ ತೋರುವುದಿಲ್ಲ. ಕೂಲಿಯಾಳು ಗಡುವು ಮುಗಿದ ಮೇಲೆ ಹೊರಟರೆ ಯಾರೂ ದೂರುವುದಿಲ್ಲ. ಸರ್ಕಾರವೇ ತಿಂಗಳ ಲೆಕ್ಕದಲ್ಲಿ ಯುದ್ಧವನ್ನು ಗುತ್ತಿಗೆ ಹಿಡಿದ ಮೇಲೆ ಸಿಪಾಯಿಯೊಬ್ಬನು ಆ ಲೆಕ್ಕವನ್ನು ಎಣಿಸಿಕೊಂಡುದು ಆಶ್ಚರ್ಯವಲ್ಲ. ಆದರೂ ನ್ಯೂಯಾರ್ಕಿನ 69ನೆಯ ಪಟಾಲಮಿನ ಐರಿಷ್ ಜನರೂ ಮೂರು ತಿಂಗಳವರೇ. ಅವರು ಅಂದು ಕಾದಾಡಿದರು, ಅವರ ಕರ್ನಲ್ ಕಾರ್ಕೊರನ್ನನು ಸೆರೆಸಿಕ್ಕಿದನು. ಈ ಸಂಗತಿಯು ನಾಲ್ಕನೆಯ ಪಟಾಲಮಿನ ಪರವಾಗಿ ವಾದಿಸುವವರ ಬಾಯನ್ನು ಅರ್ಧ ಕಟ್ಟುವುದೆಂಬುದನ್ನು ನಾವು ಒಪ್ಪಲೇಬೇಕು.

ಹಾರ್ಟ್‌ರಾನ್ಫ್ಟನು ತನ್ನ ಜನರೊಡನೆ ಹೋಗಲಿಲ್ಲ. ಪಟಾಲಮಿಲ್ಲದ ಕರ್ನಲ್ ಆಗಿ, ಫ್ರಾಂಕ್ಲಿನ್ನನ ಬಳಿ ಸಹಾಯಕನಾಗಿ ನಿಂತು, ಚೆದರಿ ಓಡುತ್ತಿದ್ದ ಪಟಾಲಮುಗಳನ್ನು ಮತ್ತೆ ಕೂಡಿಸಲು ಹೆಣಗಿದನು. ಕ್ಯಾಪ್ಟನ್ ವಾಲ್ಟರ್ ಕುಕ್ಕನೂ ಹಾಗೆಯೇ ಹಂಟರನ ಬಳಿ ನಿಂತನು. ಅಂದಿನ ಸೋಲು ಎಲ್ಲರೂ ಬಲ್ಲುದು.

ಜುಲೈ 27ರಂದು ಪಟಾಲಂ ವಿಸರ್ಜಿತವಾಯಿತು. ಮನೆಗೆ ಹೋದವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ ಹಾರ್ಟ್‌ರಾನ್ಫ್ಟನು 51ನೆಯ ಪೆನ್ಸಿಲ್ವೇನಿಯಾ ಪಟಾಲಮನ್ನು ಕಟ್ಟಿದಾಗ ಹಳಬರನೇಕರು ಬಂದು ಸೇರಿದರು. ಈ ಸಲದ ವಾಯಿದೆ ಮೂರು ವರ್ಷ. 1862ನೆಯ ಸೆಪ್ಟೆಂಬರ್ 17ರಂದು ಆಂಟಿಟಮ್ ಹೊಳೆಯ ಕಿರಿದಾದ ಕಲ್ಲುಸೇತುವೆಯನ್ನು ಹಿಡಿಯಲು ಹೋದ ದಳಗಳು ಎದುರುದಡದ ದಿಬ್ಬದಿಂದ ಬಂದ ಗುಂಡಿಗೆ ಹಿಮ್ಮೆಟ್ಟಿದ್ದವು. ಮಧ್ಯಾಹ್ನ ಸುಮಾರು ಒಂದು ಗಂಟೆಗೆ ನ್ಯೂಯಾರ್ಕಿನ 51ನೆಯ ಪಟಾಲಮಿನ ಜೊತೆಯಲ್ಲಿ ಆ ಸೇತುವೆಯನ್ನು ನುಗ್ಗಿ ದಾಟಿದವರು ಇವರೇ.

ಹಾರ್ಟ್‌ರಾನ್ಫ್ಟನು ಮುಂದೆ ತನ್ನ ಸಂಸ್ಥಾನದ ಗವರ್ನರನಾದನು. ಬುಲ್ ರನ್ನಿನ ಸೇವೆಗಾಗಿ 1886ರಲ್ಲಿ ಅವನಿಗೂ ಮರುವರ್ಷ ಕುಕ್ಕನಿಗೂ ಶೌರ್ಯಪದಕ ಬಂದಿತು. ಇಬ್ಬರ ಪದಕದ ಬಿನ್ನವತ್ತಳೆಯಲ್ಲಿಯೂ, ಯುದ್ಧದ ದಿನ ಅವರ ವಾಯಿದೆ ತೀರಿದ್ದಿತೆಂದು ಕಾಣಿಸಿದೆ.