ರೀಲು ಹಿಂದುಮುಂದು

ಹೊಸಪೇಟೆ ರಾಜ್‌ಕುಮಾರ್ ಮನೆತನದ ಅಭಿಮಾನಿಗಳ ಊರು. 2022ರಲ್ಲಿ ಅಪ್ಪು (ಪುನೀತ್) ಪ್ರತಿಮೆ ನಿಲ್ಲಿಸಿದ ದಿನ ನೆರೆದ ಜನರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಊರಲ್ಲಿ ಉಪೇಂದ್ರನಂಥ ತಲೆಕೆಳಗು ಡೈರೆಕ್ಟರಿಗೆ ಜಾಗ ಸಿಕ್ಕಿದ್ದು ಅದೇ ಮನೆತನದ ಶಿವಣ್ಣನ ದೆಸೆಯಿಂದ. ಶಿವಣ್ಣ ನಾಯಕನಾಗಿದ್ದ 1995ರ ‘ಓಂ’ ಚಿತ್ರದಲ್ಲಿ ಉಪೇಂದ್ರ ನಿಜವಾದ ರೌಡಿಗಳನ್ನೇ ಕರೆತಂದು ಕ್ಯಾಮೆರಾ ಮುಂದೆ ನಿಲ್ಲಿಸಿದ್ದರು. ಹೊಸ ಚಿತ್ರ ಮಕಾಡೆ ಮಲಗಿದ ವಾರವೆಲ್ಲ ನಮ್ಮ ಟಾಕೀಸಿನ ಮಾಲೀಕರ ಬಾಯಲ್ಲಿ ಒಂದೇ ಮಾತು: “ಓಂ ತರಿಸ್ರಿ.” ಗೀರು ಬಿದ್ದು ಮಳೆ ಸುರಿದಂತೆ ಕಾಣುವ ಪ್ರಿಂಟಾದರೂ ಜನ ಬರುತ್ತಿದ್ದರು.

ನಾನು ಕಡ್ಡಿರಾಂಪುರದವನು. ಹಂಪಿ ರಸ್ತೆಯಲ್ಲಿ ಹಳೇ ಗೋರಿ ಗುಮ್ಮಟಗಳಿರುವ ಊರು.  ಅಲ್ಲಿಂದ ಸೈಕಲ್ ತುಳಿದು ಹೊಸಪೇಟೆಯ ಟಾಕೀಸೊಂದರಲ್ಲಿ ಆಪರೇಟರ್ ಕೆಲಸ ಮಾಡಿದವನು. ಸಿನಿಮಾದ ಬಗ್ಗೆ ಪಂಡಿತರು ಬರೆಯುವುದನ್ನು ಆಮೇಲೆ ಓದಿದೆ. ಮೊದಲು ಕೇಳಿಸಿಕೊಂಡಿದ್ದು ಕ್ಯಾಬಿನ್ನಿನ ಕಿಂಡಿಯಿಂದ.

ಆ ಕೆಲಸದಲ್ಲಿ ಮುಖ್ಯವಾದದ್ದು ವರಸೆ. ಸಾವಿರ ಅಡಿಯ ಒಂದು ರೀಲು ಓಡುವುದು ಹನ್ನೊಂದು ನಿಮಿಷ. ಎರಡೆರಡು ರೀಲು ಅಂಟಿಸಿ ದೊಡ್ಡ ಸ್ಪೂಲಿಗೆ ಸುತ್ತಿಕೊಂಡರೆ ಒಂದು ಮೆಷಿನ್ನಿಗೆ ಇಪ್ಪತ್ತು ನಿಮಿಷ ದಾಟಿ ಕೆಲಸ ಸಿಗುತ್ತದೆ. ಅದು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತದೆ, ಆಗ ಎರಡನೇ ಮೆಷಿನ್ನಿನ ಮೋಟರು ಹಾಕಬೇಕು. ಇನ್ನೊಂದು ಚುಕ್ಕಿ ಮಿಂಚಿದೊಡನೆ ಬೆಳಕು ಬದಲಿಸಬೇಕು. ಕಾರ್ಬನ್ ಕಡ್ಡಿ ಉರಿಯುವ ಮೆಷಿನ್ನಾದರೆ ಕಡ್ಡಿಯ ತುದಿಗಳ ನಡುವಿನ ಅಂತರದ ಮೇಲೂ ಒಂದು ಕಣ್ಣು. ಡಬ್ಬಿಯ ಮೇಲಿನ ನಂಬರು ಓದುವಾಗ ಎಡವಿದರೆ ಸತ್ತ ವಿಲನ್ ಎದ್ದು ಬಂದು ಹಾಡಿಗೆ ಕುಣಿಯುತ್ತಾನೆ. ಅಂಥ ತಪ್ಪಿಗೆ ಮಾಲೀಕರಿಂದ ಬೈಗುಳ, ಜನರಿಂದ ಸೀಟಿ, ಕೆಲವೊಮ್ಮೆ ಚಪ್ಪಲಿ.

ಇಂಥ ಕಾಲದಲ್ಲಿ ಬಂದದ್ದು ಉಪೇಂದ್ರರ ‘ಎ’. 1998. ಪೋಸ್ಟರಿನಲ್ಲೇ ‘ಬುದ್ಧಿವಂತರಿಗೆ ಮಾತ್ರ’ ಎಂದು ಬರೆಸಿದ್ದರು. ಚಿತ್ರದೊಳಗಿರುವವನೂ ಒಬ್ಬ ಸಿನಿಮಾ ಡೈರೆಕ್ಟರು, ಪ್ರೀತಿಯಲ್ಲಿ ಸುಟ್ಟುಹೋದವನು. ಕಥೆ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹಿಂದಕ್ಕೆ ಸರಿಯುತ್ತದೆ. ಹೀಗೇ ಹಿಂದಕ್ಕೆ ಸರಿಯುವ ಹಾಲಿವುಡ್ಡಿನ ‘ಮೆಮೆಂಟೊ’ ಬರುವುದಕ್ಕೆ ಇನ್ನೂ ಎರಡು ವರ್ಷವಿತ್ತು. ನಮ್ಮ ಟಾಕೀಸಿನಲ್ಲಿ ಮೊದಲ ಆಟ ಇನ್ನೂ ಇಂಟರ್‌ವಲ್ಲಿಗೆ ಬಂದಿರಲಿಲ್ಲ, ಬಾಲ್ಕನಿಯಿಂದ ಕೂಗು ಎದ್ದಿತು: “ಏ ಆಪರೇಟ್ರ, ರೀಲು ಹಿಂದುಮುಂದು ಹಾಕೀಯೇನಲೇ!” ಮಾಲೀಕರು ಸ್ವತಃ ಮೆಟ್ಟಿಲೇರಿ ಬಂದು ಡಬ್ಬಿಗಳನ್ನು ಎಣಿಸಿ ನೋಡಿದರು. ಎಲ್ಲ ನಂಬರಿನ ಪ್ರಕಾರವೇ ಇತ್ತು. ಆದರೂ ನನ್ನನ್ನೊಮ್ಮೆ ದುರುಗುಟ್ಟಿ ನೋಡಿಯೇ ಇಳಿದರು.

ಕೂಗಿದ್ದು ಬಾಲ್ಕನಿ ಎಂಬುದೇ ನನ್ನ ಈ ಬರಹದ ಮೂಲ. ಬ್ಯಾಂಕಿನವರು, ಮೇಷ್ಟ್ರುಗಳು, ಡ್ಯಾಮಿನ ಆಫೀಸಿನವರು, ಅಂದರೆ ಪೋಸ್ಟರು ಯಾರನ್ನು ಕರೆದಿತ್ತೋ ಅವರೇ ಕಂಗಾಲಾಗಿದ್ದರು. ಪರದೆಯ ಬುಡದ ಗಾಂಧಿ ಕ್ಲಾಸಿನ ಹಮಾಲರು, ಕಬ್ಬಿನ ಗಾಡಿಯವರು, ಗಣಿ ಲಾರಿಯ ಕ್ಲೀನರುಗಳು ಆರಾಮಾಗಿದ್ದರು. ಅವರ ಅಭಿಪ್ರಾಯ ಒಂದೇ ಥರ ಇತ್ತೆಂದಲ್ಲ. ಒಬ್ಬ ಇದು ಹುಚ್ಚನ ಚಿತ್ರ ಅಂದ, ಇನ್ನೊಬ್ಬ ಸಿನಿಮಾದವರ ಮಾನ ಹರಾಜು ಹಾಕ್ಯಾನ ನೋಡು ಅಂದ. ಆದರೆ ಹಿಂದುಮುಂದಾಯಿತು ಎಂದು ಅವರಲ್ಲಿ ಯಾರೂ ಗೊಣಗಲಿಲ್ಲ.

ಯಾಕಿರಬಹುದು? ನನಗನಿಸುವುದು ಇಷ್ಟು. ಬಳ್ಳಾರಿ ಸೀಮೆಯಲ್ಲಿ ತೆರೆಯ ಹಿಂದೆ ದೀಪ ಹಚ್ಚಿ ಆಟ ತೋರಿಸುವ ಕಸುಬು ಸಿನಿಮಾಕ್ಕಿಂತ ಬಹಳ ಹಳೆಯದು. ತೊಗಲುಗೊಂಬೆ ಆಟದಲ್ಲಿ ರಾಮಾಯಣ ಇನ್ನೇನು ಬಿಗಿ ಆಗಬೇಕು, ಅಷ್ಟರಲ್ಲಿ ನಗಿಸುವ ಗೊಂಬೆಗಳಾದ ಕಿಳ್ಳೇಕ್ಯಾತನೂ ಬಂಗಾರಕ್ಕನೂ ನುಗ್ಗುತ್ತಾರೆ. ಅಶ್ಲೀಲ ಆಡುತ್ತಾರೆ, ಊರ ಗೌಡನನ್ನು ಹಂಗಿಸುತ್ತಾರೆ, ಮೊನ್ನೆ ಬಿದ್ದ ಮಳೆಯ ಮಾತೆತ್ತುತ್ತಾರೆ, ಮಾಯವಾಗುತ್ತಾರೆ. ರಾವಣ ಬಿಟ್ಟ ಕಡೆಯಿಂದಲೇ ಮಾತು ಮುಂದುವರಿಸುತ್ತಾನೆ. 2023ರಲ್ಲಿ ತೀರಿಕೊಂಡ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣ ಅದೇ ತೆರೆಯ ಮೇಲೆ ಸ್ವಾತಂತ್ರ್ಯ ಹೋರಾಟವನ್ನೂ ಆಡಿಸಿದರು. ಇದನ್ನು ಚಾಪೆ ಹಾಸಿಕೊಂಡು ಬೆಳತನಕ ನೋಡಿದವರ ಮಕ್ಕಳು ಗಾಂಧಿ ಕ್ಲಾಸಿನವರು. ಕಾಲ ಮುರಿದರೂ ಕಥೆ ಮುರಿಯುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇನ್ನು ನನ್ನ ತಕರಾರಿಗೆ ಬರುತ್ತೇನೆ. ಉಪೇಂದ್ರರನ್ನು ಸರ್ರಿಯಲಿಸ್ಟ್ ಎಂದು ಕರೆಯುವವರಿದ್ದಾರೆ. ಸರ್ರಿಯಲಿಸ್ಟರಾದ ಲೂಯಿ ಬುನ್ಯುಯೆಲ್ ಮತ್ತು ಸಾಲ್ವಡಾರ್ ಡಾಲಿ 1929ರಲ್ಲಿ ಹದಿನಾರು ಹದಿನೇಳು ನಿಮಿಷದ ಚಿತ್ರವೊಂದನ್ನು ಮಾಡುವಾಗ ಒಂದು ಕಟ್ಟಳೆ ಹಾಕಿಕೊಂಡಿದ್ದರಂತೆ: ಕಾರಣ ಕೊಟ್ಟು ವಿವರಿಸಬಹುದಾದ ಯಾವ ದೃಶ್ಯವೂ ಬೇಡ. ಕ್ಷೌರದ ಕತ್ತಿ ಕಣ್ಣು ಸೀಳುತ್ತದೆ, ಅಷ್ಟೇ, ಯಾಕೆಂದು ಕೇಳುವಂತಿಲ್ಲ. ಉಪೇಂದ್ರರದು ಇದಕ್ಕೆ ತದ್ವಿರುದ್ಧ. 1999ರ ‘ಉಪೇಂದ್ರ’ದಲ್ಲಿ ನಾಯಕನ ಹೆಸರೇ ‘ನಾನು’. ಮೂವರು ನಾಯಕಿಯರು ಮೂರು ಬಯಕೆಗಳು. ಒಗಟು ಚೆನ್ನಾಗಿದೆ, ಆದರೆ ಉತ್ತರ ನೋಡುಗನ ಕೈಗೆ ಬರುವ ಮೊದಲೇ ಅವರೇ ಎದ್ದು ನಿಂತು ಭಾಷಣ ಶುರು ಮಾಡುತ್ತಾರೆ. ಕಿಳ್ಳೇಕ್ಯಾತ ಹೀಗೆ ಮಾಡುವವನಲ್ಲ. 2010ರ ‘ಸೂಪರ್’ಗೆ ಹೆಸರಿನ ಬದಲು ಕೈಬೆರಳಿನ ಒಂದು ಚಿಹ್ನೆ, 2030ರ ಬೆಂಗಳೂರಿಗೆ ಪರದೇಶದವರು ಕೂಲಿಗೆ ಬರುವ ಆರಂಭದ ಭಾಗ ನೋಡಿ ನಾನು ಕುರ್ಚಿ ಬಿಟ್ಟು ನಕ್ಕಿದ್ದೇನೆ. ಅದೂ ಕೊನೆಗೆ ಉಪದೇಶಕ್ಕೇ ಬಂದು ನಿಂತಿತು.

ಕನ್ನಡದಲ್ಲಿ ವಿವರಣೆ ಕೊಡದೆ ಕನಸನ್ನು ಕನಸಾಗಿಯೇ ಬಿಡುವ ಧೈರ್ಯ ನನಗೆ ಕಂಡದ್ದು ಚಂದ್ರಶೇಖರ ಕಂಬಾರರಲ್ಲಿ. ‘ಕರಿಮಾಯಿ’, ‘ಕಾಡುಕುದುರೆ’, ‘ಸಂಗೀತಾ’ ಅವರೇ ನಿರ್ದೇಶಿಸಿದ ಚಿತ್ರಗಳು. ‘ಕಾಡುಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಕುದುರೆ ಎಂದರೇನು ಎಂದು ಹಾಡು ಕೇಳಿದ ಯಾರೂ ಪ್ರಶ್ನೆ ಹಾಕಿದ್ದು ನನಗೆ ಗೊತ್ತಿಲ್ಲ. ಅದೇ ಕಂಬಾರರು 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ನಮ್ಮ ಪಕ್ಕಕ್ಕೇ ಬಂದರು.  ‘ಎ’ ನೋಡಿದ್ದರೆ ಏನನ್ನುತ್ತಿದ್ದರೋ, ಕೇಳುವ ಧೈರ್ಯ ಒಬ್ಬ ಆಪರೇಟರನಿಗೆ ಎಲ್ಲಿಂದ ಬರಬೇಕು.

ಆಮೇಲೆ ಯುಎಫ್‌ಒ, ಕ್ಯೂಬ್ ಎಂಬ ಡಿಜಿಟಲ್ ವ್ಯವಸ್ಥೆಗಳು ಬಂದವು. ರೀಲು, ಡಬ್ಬಿ, ಚುಕ್ಕಿ ಎಲ್ಲ ಹೋದವು; ನಾನೂ ಕೆಲಸ ಬಿಟ್ಟೆ. ವರಸೆ ತಪ್ಪುವ ಭಯವೇ ಇಲ್ಲದ ಕಾಲದಲ್ಲಿ, 2024ರ ಡಿಸೆಂಬರಿನಲ್ಲಿ, ಉಪೇಂದ್ರರ ‘ಯುಐ’ ಬಿಡುಗಡೆಯಾಯಿತು. ಈ ಸಲ ಪರದೆ ಮೇಲೆ ಮೊದಲಿಗೇ ಸೂಚನೆ: ಬುದ್ಧಿವಂತರು ಎದ್ದು ಹೋಗಬೇಕು, ದಡ್ಡರು ಪೂರ್ತಿ ನೋಡಬೇಕು. ಇಪ್ಪತ್ತಾರು ವರ್ಷಕ್ಕೆ ಉಪೇಂದ್ರರಿಗೂ ಬಾಲ್ಕನಿಯ ಯೋಗ್ಯತೆ ತಿಳಿಯಿತಲ್ಲ ಎಂದು ಖುಷಿಯಾಯಿತು. ಚಿತ್ರದೊಳಗೆ ಒಬ್ಬ ವಿಮರ್ಶಕ ಬೇರೆ, ಚಿತ್ರದ ಬಗ್ಗೆ ಏನು ಬರೆಯಬೇಕೆಂದು ತಿಳಿಯದೆ ಒದ್ದಾಡುವವನು. ತನ್ನ ಚಿತ್ರದ ಬಗ್ಗೆ ಬರುವ ಅಭಿಪ್ರಾಯವನ್ನೂ ಚಿತ್ರದೊಳಗೇ ಎಳೆದುಕೊಳ್ಳುವ ಈ ಕಿಲಾಡಿತನಕ್ಕೆ ಶಹಬ್ಬಾಸ್ ಅನ್ನಲೇಬೇಕು.

ಆಟ ಮುಗಿಸಿ ಊರಿಗೆ ಮರಳುವಾಗ ಆಟೋದಲ್ಲಿದ್ದ ಹುಡುಗನೊಬ್ಬ ಕೇಳಿದ, “ಕಾಕಾ, ಏನೂ ತಿಳೀಲಿಲ್ಲ. ಅದರ ಅರ್ಥ ಏನು?”

“ಸ್ವಲ್ಪ ತಡಕೊಳ್ಳಪ್ಪ,” ಅಂದೆ. “ಇನ್ನೊಂದು ವಾರದಾಗ ಟೀವ್ಯಾಗ ಕುಂತು ಅವನೇ ಹೇಳ್ತಾನ. ಹೇಳದೇ ಬಿಡೋ ಮನಷ್ಯಾ ಅಲ್ಲ ಅವ.”