ಮೊದಲು ಯಾರ ಮೇಲೆ ಅನುಮಾನ? ಪತ್ತೇದಾರರು, ಖದೀಮರು, ವಿಲನ್‌ಗಳು: ಒಂದು ಇತಿಹಾಸ

ಭಾಗ 1/9

ಹೋದ ವರ್ಷ ನಮ್ಮ ಪಿಜಿಯಲ್ಲಿ ರೂಮ್‌ಮೇಟ್‌ದು ನಾಲ್ಕು ಸಾವಿರ ರೂಪಾಯಿ ಕಾಣೆಯಾಯ್ತು. ಎಕ್ಸಾಮ್ ಫೀಸ್ ಕಟ್ಟೋಕೆ ಊರಿಂದ ತಂದಿದ್ದ ದುಡ್ಡು. ಅವಳು ಅಳ್ತಾ ಕೂತಿದ್ಲು. "ಬೆಳಗ್ಗೆ ರೂಮಿಗೆ ಬಂದಿದ್ದು ಕೆಲಸದ ಅಕ್ಕ ಒಬ್ರೇ ಅಲ್ವಾ?" ಅಂತ ಮೊದಲು ಬಾಯಿಬಿಟ್ಟಿದ್ದು ನಾನೇ.

ಅಷ್ಟು ಸಾಕಾಯ್ತು. ಓನರ್ ಆಂಟಿ ಅಕ್ಕನ ಬ್ಯಾಗ್ ತೆಗೆಸಿ ನೋಡಿದ್ರು. ಟಿಫಿನ್ ಬಾಕ್ಸ್, ಆಸ್ಪತ್ರೆ ಚೀಟಿ, ಬಸ್ಸಲ್ಲಿ ತೋರಿಸೋ ಆಧಾರ್ ಕಾರ್ಡ್. ಬೇರೆ ಏನೂ ಇರ್ಲಿಲ್ಲ. ಮೂರನೇ ದಿನ ದುಡ್ಡು ಸಿಕ್ತು. ಕಾಸ್ಟ್ ಅಕೌಂಟಿಂಗ್ ಪುಸ್ತಕದೊಳಗೆ ರೂಮ್‌ಮೇಟೇ ಇಟ್ಟು ಮರೆತಿದ್ಲು. ಆದ್ರೆ ಅಕ್ಕ ಮತ್ತೆ ಕೆಲಸಕ್ಕೆ ಬರ್ಲಿಲ್ಲ.

ನಾನು ಪತ್ತೇದಾರಿ ಕಥೆಗಳ ಹುಚ್ಚಿ ಅಂತ ನಿಮಗೆಲ್ಲ ಗೊತ್ತು. ಹೈಸ್ಕೂಲಲ್ಲಿ ಎನ್. ನರಸಿಂಹಯ್ಯನವರ ಪುಸ್ತಕ, ಆಮೇಲೆ ಹೋಮ್ಸ್, ಈಗ ಲುಪಾನ್. ಇಷ್ಟೆಲ್ಲಾ ಓದಿದವಳಿಗೆ ಆ ದಿನ ಒಂದು ಸಾಕ್ಷಿಯೂ ಬೇಕು ಅನ್ನಿಸಲಿಲ್ಲ ಯಾಕೆ? ಈ ಸಲದ ಸೀರೀಸ್ ಆ ಪ್ರಶ್ನೆಯಿಂದಲೇ ಹುಟ್ಟಿದ್ದು. ಇನ್ನೂರು ವರ್ಷದ ಕಥೆ ಇದೆ, ನಿಧಾನಕ್ಕೆ ಓದಿ.

ಭಾಗ 2/9

ಪತ್ತೇದಾರನ ಕಥೆ ಶುರುವಾಗೋದು ಒಬ್ಬ ಕಳ್ಳನಿಂದ. ಹೆಸರು ವಿದೋಕ್. 1775ರಲ್ಲಿ ಫ್ರಾನ್ಸ್‌ನ ಅರಾಸ್ ಅನ್ನೋ ಊರಲ್ಲಿ ಹುಟ್ಟಿದ. ಜೈಲಿಗೆ ಹೋಗೋದು, ವೇಷ ಹಾಕ್ಕೊಂಡು ತಪ್ಪಿಸಿಕೊಳ್ಳೋದು, ಮತ್ತೆ ಸಿಕ್ಕಿಬೀಳೋದು, ಇದೇ ಅವನ ಯೌವನ. ಕೊನೆಗೆ ಪೊಲೀಸರಿಗೆ ಸುಳಿವು ಕೊಡೋನಾದ, ಆಮೇಲೆ ಪ್ಯಾರಿಸ್‌ನ ಪತ್ತೇದಾರಿ ದಳ 'ಸ್ಯೂರೆತೆ'ಯ ಮುಖ್ಯಸ್ಥನೇ ಆದ. ದಳಕ್ಕೆ ಅವನು ಸೇರಿಸಿಕೊಂಡಿದ್ದೂ ಹಳೇ ಕೈದಿಗಳನ್ನೇ.

ಬಿಕಾಂನವರು ಇಲ್ಲಿ ಕಿವಿ ನಿಮಿರಿಸಿ. ಸರ್ಕಾರಿ ಕೆಲಸ ಬಿಟ್ಟ ಮೇಲೆ 1833ರಲ್ಲಿ ವಿದೋಕ್ ಒಂದು ಖಾಸಗಿ ಆಫೀಸ್ ತೆಗೆದ. ಅವನ ಗಿರಾಕಿಗಳು ವ್ಯಾಪಾರಿಗಳು. ಯಾರಿಗೆ ಸಾಲ ಕೊಡಬಹುದು, ಯಾರು ಟೋಪಿ ಹಾಕೋ ಗಿರಾಕಿ ಅಂತ ಮಾಹಿತಿ ಕೊಡೋದು ಅವನ ಕೆಲಸ. ಖಾಸಗಿ ಪತ್ತೇದಾರಿಯೂ ಸಿಬಿಲ್ ಸ್ಕೋರ್‌ನ ಮುತ್ತಜ್ಜನೂ ಒಂದೇ ಅಂಗಡಿಯಲ್ಲಿ ಇದ್ರು ಅನ್ಕೊಳ್ಳಿ.

1828ರಲ್ಲಿ ಅವನ ಆತ್ಮಕಥೆ ಬಂತು. ಬಾಲ್ಜಾಕ್ ಅದರಿಂದ ವೋತ್ರಾಂ ಅನ್ನೋ ಖದೀಮನನ್ನ ಮಾಡಿದ. ವಿಕ್ಟರ್ ಹ್ಯೂಗೋ 'ಲೇ ಮಿಸರಾಬ್ಲ್'ನಲ್ಲಿ ಅದೇ ಬದುಕನ್ನ ಎರಡು ಭಾಗ ಮಾಡಿದ: ಓಡಿಹೋಗೋ ಕೈದಿ ವಾಲ್‌ಜಾಂ, ಬೆನ್ನು ಬಿಡದ ಪೊಲೀಸ್ ಜಾವೆರ್. ಕಳ್ಳ, ಪೊಲೀಸ್ ಇಬ್ಬರಿಗೂ ಮೂಲ ಒಬ್ಬನೇ ಮನುಷ್ಯ. ಇದನ್ನ ನೆನಪಿಟ್ಕೊಳ್ಳಿ.

ಭಾಗ 3/9

1841. ಅಮೆರಿಕದ ಎಡ್ಗರ್ ಅಲನ್ ಪೋ 'ದಿ ಮರ್ಡರ್ಸ್ ಇನ್ ದಿ ರ್‍ಯೂ ಮೋರ್ಗ್' ಬರೆದ. ಮೊದಲ ಪತ್ತೇದಾರಿ ಕಥೆ ಅಂತ ಹೆಚ್ಚಿನವರು ಒಪ್ಪೋದು ಇದನ್ನೇ. ಹೀರೋ ಡ್ಯೂಪಾಂ. ಬಡವನಾದ ಮೇಲ್ವರ್ಗದವನು, ಹಗಲು ಹೊತ್ತು ಕಿಟಕಿ ಮುಚ್ಚಿ ಓದ್ತಾ ಕೂರೋನು.

ಅವನು ಯಾಕೆ ಈ ಕೇಸಿಗೆ ಕೈ ಹಾಕಿದ ಅಂತ ಯಾರೂ ಜಾಸ್ತಿ ಮಾತಾಡಲ್ಲ. ತಾಯಿ ಮಗಳ ಕೊಲೆ ಆಗಿರುತ್ತೆ. ಮೂರು ದಿನ ಮುಂಚೆ ಬ್ಯಾಂಕಿನ ಗುಮಾಸ್ತ ಲೆ ಬಾಂ ಅವರ ಮನೆಗೆ ದುಡ್ಡು ತಲುಪಿಸಿರ್ತಾನೆ. ಪೊಲೀಸರು ಅವನನ್ನೇ ಒಳಗೆ ಹಾಕ್ತಾರೆ. ಬೇರೆ ಸಾಕ್ಷಿ ಏನೂ ಇಲ್ಲ. ಹಿಂದೆ ಒಮ್ಮೆ ಲೆ ಬಾಂ ತನಗೆ ಸಹಾಯ ಮಾಡಿದ್ದ ಅಂತ ಡ್ಯೂಪಾಂ ಹೊರಡ್ತಾನೆ. ಕೊನೆಗೆ ಗೊತ್ತಾಗೋದು ಕೊಂದಿದ್ದು ಮನುಷ್ಯನೇ ಅಲ್ಲ, ಒಂದು ಒರಾಂಗುಟಾನ್ ಅಂತ. ದುಡ್ಡು ರೂಮಲ್ಲೇ ಬಿದ್ದಿರುತ್ತೆ.

ಎಷ್ಟು ದುಡ್ಡು ಗೊತ್ತಾ? ನಾಲ್ಕು ಸಾವಿರ ಫ್ರಾಂಕ್. ಪಿಜಿ ಘಟನೆ ಆದ್ಮೇಲೆ ಮತ್ತೆ ಓದಿದಾಗ ಆ ಸಾಲಲ್ಲಿ ನಿಂತುಬಿಟ್ಟೆ. ಪತ್ತೇದಾರ ಹುಟ್ಟಿದ್ದು ತಪ್ಪಿತಸ್ಥನನ್ನ ಹಿಡಿಯೋಕೆ ಅಂದ್ಕೊಂಡಿದ್ದೆ. ಮೊದಲ ಕಥೆಯಲ್ಲಿ ಅವನು ಬಂದಿದ್ದು ತಪ್ಪು ಮಾಡದವನನ್ನ ಬಿಡಿಸೋಕೆ.

ಭಾಗ 4/9

ಈಗ ನಿಜವಾದ ಒಂದು ಕೇಸ್. 1860, ಇಂಗ್ಲೆಂಡಿನ ರೋಡ್ ಅನ್ನೋ ಹಳ್ಳಿಯ ದೊಡ್ಡ ಮನೆ. ರಾತ್ರಿ ಮಲಗಿದ್ದ ಮೂರು ವರ್ಷದ ಮಗು ಬೆಳಗ್ಗೆ ಕೊಲೆಯಾಗಿ ಸಿಗುತ್ತೆ. ಊರಿನ ಪೊಲೀಸರ ಕಣ್ಣು ಬಿದ್ದಿದ್ದು ಮಗುವನ್ನ ನೋಡ್ಕೊಳ್ಳೋ ದಾದಿ ಮೇಲೆ. ಅವಳನ್ನ ಬಂಧಿಸಿ, ಸಾಕ್ಷಿ ಸಿಗದೆ ಬಿಟ್ಟರು.

ಲಂಡನ್‌ನಿಂದ ಬಂದ ಸ್ಕಾಟ್ಲೆಂಡ್ ಯಾರ್ಡ್ ಇನ್ಸ್‌ಪೆಕ್ಟರ್ ಜೊನಾಥನ್ ವಿಚರ್‌ಗೆ ಬೇರೇನೋ ಕಾಣಿಸ್ತು. ಮನೆಯ ಹದಿನಾರು ವರ್ಷದ ಮಗಳು ಕಾನ್‌ಸ್ಟನ್ಸ್ ಕೆಂಟ್‌ಳ ಒಂದು ನೈಟ್‌ಡ್ರೆಸ್ ಕಾಣೆಯಾಗಿತ್ತು. ವಿಚರ್ ಅವಳ ಮೇಲೆ ಅನುಮಾನಪಟ್ಟ. ಪತ್ರಿಕೆಗಳು ಅವನ ಮೇಲೆ ಮುಗಿಬಿದ್ದವು. ಕೆಳವರ್ಗದಿಂದ ಬಂದ ಒಬ್ಬ ಪೊಲೀಸ್, ಮರ್ಯಾದಸ್ಥರ ಮನೆಯ ಹುಡುಗಿ ಮೇಲೆ ಬೆರಳು ತೋರಿಸೋದಾ? ಅವಳು ಬಿಡುಗಡೆ ಆದಳು, ವಿಚರ್‌ನ ಹೆಸರು ಹಾಳಾಯ್ತು.

1865ರಲ್ಲಿ ಕಾನ್‌ಸ್ಟನ್ಸ್ ತಾನೇ ಬಂದು ತಪ್ಪೊಪ್ಪಿಕೊಂಡಳು. ಇಲ್ಲಿ ಯೋಚಿಸಿ: ದಾದಿಯನ್ನ ಹಿಡಿದಾಗ ಆಗದ ಗಲಾಟೆ ಮನೆ ಮಗಳನ್ನ ಹಿಡಿದಾಗ ಆಯ್ತು.

ಭಾಗ 5/9

ಈ ಕೇಸಿನ ನೈಟ್‌ಡ್ರೆಸ್ಸೇ ಮುಂದೆ ಒಂದು ಕಾದಂಬರಿಗೆ ಬಂತು. ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್', 1868. ಅದು ಎಲ್ಲಿಂದ ಶುರುವಾಗುತ್ತೆ ಗೊತ್ತಾ? ನಮ್ಮ ಶ್ರೀರಂಗಪಟ್ಟಣದಿಂದ!

1799ರ ಮೇ 4. ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ಸತ್ತ, ಲೂಟಿ ನಡೀತು. ಇದಿಷ್ಟೂ ಇತಿಹಾಸ. ಲೂಟಿಗೂ ಲೆಕ್ಕಪತ್ರ ಇತ್ತು. ಪ್ರೈಜ್ ಏಜೆಂಟ್‌ಗಳು ಅಂತ ಇದ್ರು, ಸಿಕ್ಕಿದ್ದಕ್ಕೆ ಬೆಲೆ ಕಟ್ಟಿ ಸೈನಿಕರ ದರ್ಜೆ ಪ್ರಕಾರ ಹಂಚಿದ್ರು. ದೊಡ್ಡ ಅಧಿಕಾರಿಗೆ ದೊಡ್ಡ ಪಾಲು. ಟಿಪ್ಪುವಿನ ಮರದ ಹುಲಿ ಇವತ್ತಿಗೂ ಲಂಡನ್‌ನ ಮ್ಯೂಸಿಯಂನಲ್ಲಿದೆ.

ಕಾಲಿನ್ಸ್ ಇದಕ್ಕೆ ಕಲ್ಪನೆಯ ಒಂದು ವಜ್ರ ಸೇರಿಸಿದ. ಹರ್ನ್‌ಕ್ಯಾಸಲ್ ಅನ್ನೋ ಅಧಿಕಾರಿ ಕಾವಲಿನವರನ್ನ ಕೊಂದು ಅದನ್ನ ಹೊಡೀತಾನೆ. ಎಷ್ಟೋ ವರ್ಷ ಆದ್ಮೇಲೆ, ಇಂಗ್ಲೆಂಡಿನ ಒಂದು ಮನೆಯಲ್ಲಿ ಅವನ ಸೊಸೆ (ತಂಗಿ ಮಗಳು) ಹುಟ್ಟುಹಬ್ಬಕ್ಕೆ ಆ ವಜ್ರ ಉಡುಗೊರೆಯಾಗಿ ಬರುತ್ತೆ. ಅದೇ ರಾತ್ರಿ ಕಳುವಾಗುತ್ತೆ. ಎಲ್ಲರೂ "ಕಳ್ಳ ಕಳ್ಳ" ಅಂತಾರೆ. ಮೈಸೂರಿಂದ ಬಸ್ಸಲ್ಲಿ ಅರ್ಧ ಗಂಟೆ ದೂರದ ಊರವರು ನಾವು ಓದುವಾಗ ಕೇಳ್ಬೇಕು ಅನ್ಸುತ್ತೆ: ಯಾವ ಕಳ್ಳ? ಮೊದಲನೆಯವನಾ, ಎರಡನೆಯವನಾ?

ಭಾಗ 6/9

ಸ್ಪಾಯ್ಲರ್ ಇದೆ. 150 ವರ್ಷ ದಾಟಿದ ಪುಸ್ತಕ, ಬೈಬೇಡಿ.

ಅನುಮಾನ ಮೊದಲು ಹೋಗೋದು ಮೂವರು ಭಾರತೀಯರ ಮೇಲೆ. ಆ ರಾತ್ರಿ ಅವರು ಪೇಟೆಯಲ್ಲೇ ಇದ್ರು ಅಂತ ಗೊತ್ತಾದ್ರೂ, ಏನೋ ಒಂದು ಕಾನೂನು ಎಳೆದು ಒಂದು ವಾರ ಒಳಗಿಡ್ತಾರೆ. ಆಮೇಲೆ ಸರದಿ ಮನೆಗೆಲಸದ ರೊಸಾನಾಳದ್ದು. ಅವಳು ಹಿಂದೆ ಕಳ್ಳತನಕ್ಕೆ ಜೈಲು ಕಂಡವಳು, ಈಗ ನೆಟ್ಟಗೆ ಬದುಕ್ತಾ ಇರೋಳು. ಸಾರ್ಜೆಂಟ್ ಕಫ್‌ನಂಥ ಬುದ್ಧಿವಂತ ಪತ್ತೇದಾರನೂ ತಪ್ಪು ದಾರಿ ಹಿಡೀತಾನೆ. ರೊಸಾನಾ ಪ್ರಾಣ ಕಳ್ಕೊತಾಳೆ.

ವಜ್ರ ನುಂಗಿದವನು ಗಾಡ್‌ಫ್ರೇ ಏಬಲ್‌ವೈಟ್. ದಾನಧರ್ಮದ ಸಂಘಗಳಲ್ಲಿ ಭಾಷಣ ಮಾಡೋ ಸಭ್ಯಸ್ಥ. ಟ್ರಸ್ಟಿಯಾಗಿ ನೋಡ್ಕೊಳ್ಳಬೇಕಿದ್ದ ಒಬ್ಬ ಹುಡುಗನ ಇಪ್ಪತ್ತು ಸಾವಿರ ಪೌಂಡ್ ತಿಂದುಹಾಕಿರ್ತಾನೆ, ಆ ಗುಂಡಿ ಮುಚ್ಚೋಕೆ ವಜ್ರ ಬೇಕಾಗಿರುತ್ತೆ. ನಾವು ಆಡಿಟಿಂಗ್ ಪೇಪರಲ್ಲಿ ಓದೋ ಫ್ರಾಡ್ ಇದೇ ಅಲ್ವಾ?

ಕೊನೆಗೆ ಅವನನ್ನ ಆ ಮೂವರು ಕೊಲ್ತಾರೆ, ನಿಜ. ಕಾಲಿನ್ಸ್ ಅವರನ್ನ ದೇವರು ಮಾಡಿಲ್ಲ. ಆದ್ರೆ ವಜ್ರ ಹೊರಟ ಜಾಗಕ್ಕೆ, ದೇವರ ವಿಗ್ರಹಕ್ಕೆ, ವಾಪಸ್ ಹೋಗೋ ಹಾಗೆ ಕಥೆ ಮುಗಿಸಿದ. ಬ್ರಿಟಿಷ್ ಸಾಮ್ರಾಜ್ಯ ಉಬ್ಬಿ ನಿಂತಿದ್ದ ಕಾಲದಲ್ಲಿ ಹಾಗೆ ಬರೆದಿದ್ದು ಸಣ್ಣ ವಿಷಯ ಅಲ್ಲ.

ಭಾಗ 7/9

ಎಲ್ಲರೂ ಹಾಗೆ ಬರೀಲಿಲ್ಲ. 1839ರಲ್ಲಿ ಫಿಲಿಪ್ ಮೆಡೋಸ್ ಟೇಲರ್ 'ಕನ್‌ಫೆಷನ್ಸ್ ಆಫ್ ಎ ಠಗ್' ಬರೆದ. ಮುಂದೆ ನಮ್ಮ ಸುರಪುರದಲ್ಲಿ ಆಡಳಿತ ನೋಡಿಕೊಂಡ ಅದೇ ಟೇಲರ್, ಅವನ ಬಂಗಲೆ ಅಲ್ಲಿ ಈಗಲೂ ಇದೆ. ಅಮೀರ್ ಅಲಿ ಅನ್ನೋ ಠಗ್ ತನ್ನ ಕೊಲೆಗಳನ್ನ ತಾನೇ ಹೇಳ್ತಾ ಹೋಗ್ತಾನೆ. ಇಂಗ್ಲೆಂಡ್ ಮುಗಿಬಿದ್ದು ಓದಿತು. ಭಾರತದಲ್ಲಿ ಅಪರಾಧ ಅನ್ನೋದು ಅಪ್ಪನಿಂದ ಮಗನಿಗೆ ಬರೋ ಕಸುಬು ಅನ್ನೋ ನಂಬಿಕೆ ಆಗ ಎಲ್ಲ ಕಡೆ ಹರಡಿತ್ತು.

ಆ ನಂಬಿಕೆ ಕಥೆಯಲ್ಲೇ ಉಳೀಲಿಲ್ಲ. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು. ಇಡೀ ಸಮುದಾಯಗಳೇ ಹುಟ್ಟಾ ಅಪರಾಧಿಗಳು ಅಂತ ಪಟ್ಟಿಗೆ ಸೇರಿದವು. ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಪಾಸ್ ಇಲ್ಲದೆ ಊರು ಬಿಡೋ ಹಾಗಿಲ್ಲ. ಯಾವ ಕಳ್ಳತನವನ್ನೂ ಯಾರೂ ಸಾಬೀತು ಮಾಡಬೇಕಿರ್ಲಿಲ್ಲ, ಹುಟ್ಟಿದ್ದೇ ಸಾಕು. ಹುಬ್ಬಳ್ಳಿ, ಗದಗ ಕಡೆಯವರಿಗೆ 'ಸೆಟ್ಲ್‌ಮೆಂಟ್' ಅನ್ನೋ ಏರಿಯಾ ಹೆಸರು ಗೊತ್ತಿರುತ್ತೆ. ಹೀಗೆ ಪಟ್ಟಿ ಮಾಡಿದವರನ್ನ ಕೂಡಿಟ್ಟ ಜಾಗಗಳ ನೆನಪು ಅದು. ಆ ಹಣೆಪಟ್ಟಿ ಕಾನೂನಿನಲ್ಲಿ ಕಳಚಿದ್ದು 1952ರ ಆಗಸ್ಟ್ 31ಕ್ಕೆ. ಸ್ವಾತಂತ್ರ್ಯ ಬಂದು ಐದು ವರ್ಷ ಆದ್ಮೇಲೆ.

ಭಾಗ 8/9

ಅದೇ ಹೊತ್ತಿಗೆ ಲಂಡನ್‌ನಲ್ಲಿ ಪೊಲೀಸರೇ ಕಳ್ಳರಾಗಿ ಸಿಕ್ಕಿಬಿದ್ದರು. 1877ರಲ್ಲಿ ಸ್ಕಾಟ್ಲೆಂಡ್ ಯಾರ್ಡ್‌ನ ಮೂವರು ಇನ್ಸ್‌ಪೆಕ್ಟರ್‌ಗಳಿಗೆ ಶಿಕ್ಷೆ ಆಯ್ತು. ಕುದುರೆ ಜೂಜಿನ ವಂಚಕರಿಂದ ಲಂಚ ತಿಂದು ಅವರನ್ನ ಕಾಪಾಡ್ತಾ ಇದ್ರು. ಮರುವರ್ಷವೇ ಪತ್ತೇದಾರಿ ವಿಭಾಗವನ್ನ ಹೊಸದಾಗಿ ಕಟ್ಟಿ ಸಿಐಡಿ ಮಾಡಿದ್ರು.

ಹತ್ತು ವರ್ಷದ ನಂತರ, 1887ರಲ್ಲಿ, ಪೊಲೀಸರಿಗಿಂತ ಜಾಣನಾದ, ಸಂಬಳಕ್ಕೆ ಯಾರ ಹಂಗೂ ಇಲ್ಲದ ಶರ್ಲಾಕ್ ಹೋಮ್ಸ್ ಬಂದ. ಆ ಮೊದಲ ಕಾದಂಬರಿಯ ಪೂರ್ತಿ ಹಕ್ಕನ್ನ ಕಾನನ್ ಡಾಯ್ಲ್ ಬರೀ 25 ಪೌಂಡ್‌ಗೆ ಮಾರಿದ್ದ. (ಕಾಂಟ್ರಾಕ್ಟ್ ಓದದೆ ಸೈನ್ ಮಾಡ್ಬೇಡ್ರಪ್ಪ!)

ಅವನ ವಿಲನ್‌ಗಳನ್ನ ನೋಡಿ. 1893ರಲ್ಲಿ ಬಂದ ಮೊರಿಯಾರ್ಟಿ ಗಣಿತದ ಪ್ರೊಫೆಸರ್. ಅವನ ಬಲಗೈ ಕರ್ನಲ್ ಮೊರಾನ್ ಈಟನ್, ಆಕ್ಸ್‌ಫರ್ಡ್‌ನಲ್ಲಿ ಓದಿದವನು, ಕಥೆಯ ಪ್ರಕಾರ 'ಬೆಂಗಳೂರು ಪಯನಿಯರ್ಸ್' ಪಡೆಯ ಹಳೇ ಅಧಿಕಾರಿ! ಅಂದ್ರೆ ಕೆಟ್ಟವನು ಕೋಟು, ಡಿಗ್ರಿ, ಪದಕ ಎಲ್ಲಾ ಇಟ್ಕೊಂಡು ಓಡಾಡ್ತಾನೆ.

ಆದ್ರೆ 1912ರಿಂದ ಸ್ಯಾಕ್ಸ್ ರೋಮರ್‌ನ ಫು ಮಾಂಚು ಕಥೆಗಳು ಶುರುವಾದವು. ಅಲ್ಲಿ ವಿಲನ್ ಚೀನೀಯ, ಅಷ್ಟೇ ಅವನ ಅಪರಾಧ ಅನ್ನೋ ಹಾಗೆ. ಇಂಥ ವಿಲನ್‌ಗಳು ಎಷ್ಟು ಸವಕಲಾದ್ರು ಅಂದ್ರೆ, 1929ರಲ್ಲಿ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ನಿಯಮ ಮಾಡಿದಾಗ, ಕಥೆಯಲ್ಲಿ ಚೀನೀಯ ಬರಲೇಬಾರದು ಅನ್ನೋದೂ ಒಂದು ನಿಯಮ ಆಯ್ತು.

ಭಾಗ 9/9

ಇನ್ನು ನಾವು ಪ್ರೀತಿಸೋ ಕಳ್ಳರು. 1899ರಲ್ಲಿ ಪುಸ್ತಕವಾಗಿ ಬಂದ ರಾಫಲ್ಸ್. ಹಗಲು ಕ್ರಿಕೆಟ್ ಸ್ಪಿನ್ನರ್, ರಾತ್ರಿ ಕಳ್ಳ. ಬರೆದವನು ಡಾಯ್ಲ್‌ನ ಬಾಮೈದ ಹಾರ್ನಂಗ್ (ಡಾಯ್ಲ್ ತಂಗಿಯ ಗಂಡ). ಕಳ್ಳನನ್ನ ಹೀರೋ ಮಾಡೋದು ಅಪಾಯ ಅಂತ ಡಾಯ್ಲ್‌ಗೆ ಬೇಸರ. 1905ರಲ್ಲಿ ಫ್ರಾನ್ಸ್‌ನ ಮಾರಿಸ್ ಲೆಬ್ಲಾಂಕ್ ಆರ್ಸೆನ್ ಲುಪಾನ್‌ನ ತಂದ. ಸೂಟು ಹಾಕಿದ ಕಳ್ಳನಿಗೆ ಓದುಗರು ಚಪ್ಪಾಳೆ ಹೊಡೆದ್ರು. ಕದಿಯದೇ ಇದ್ದ ರೊಸಾನಾಗೆ ಯಾರೂ ಹೊಡೀಲಿಲ್ಲ.

2021ರ ನೆಟ್‌ಫ್ಲಿಕ್ಸ್ 'ಲುಪಾನ್' ನೋಡಿದೀರಲ್ವಾ? ಅಸಾನ್‌ನ ಅಪ್ಪ ಸೆನೆಗಲ್‌ನಿಂದ ಬಂದ ಡ್ರೈವರ್. ಯಜಮಾನನ ಮನೆಯ ಹಾರ ಕಾಣೆಯಾಗುತ್ತೆ, ಅವನ ತಲೆಗೆ ಕಟ್ಟುತ್ತಾರೆ, ಎಲ್ಲರೂ ತಕ್ಷಣ ನಂಬ್ತಾರೆ. ಆ ಸೀನಲ್ಲಿ ಎಲ್ಲರೂ ಯಜಮಾನನನ್ನ ಬೈದ್ವಿ. ನಾನೂ ಬೈದೆ. ಪಿಜಿಯಲ್ಲಿ ಅದೇ ಸೀನ್ ನಡೆದಾಗ ನಾನು ಯಜಮಾನನ ಪಕ್ಕ ನಿಂತಿದ್ದೆ.

ಒಳ್ಳೆ ಪತ್ತೇದಾರಿ ಕಥೆ ನಮಗೆ ಹೇಳಿಕೊಡೋದು ಇಷ್ಟೇ: ಮೊದಲು ಹೊಳೆದ ಹೆಸರು ಎಲ್ಲಿಂದ ಹೊಳೀತು ಅಂತ ಒಂದು ನಿಮಿಷ ಕೇಳ್ಕೊಳ್ಳಿ. ಸಾಕ್ಷಿಯಿಂದ ಬಂತಾ, ಅಥವಾ ಅವರ ಕೈಯಲ್ಲಿದ್ದ ಪೊರಕೆಯಿಂದ ಬಂತಾ?

ಅಕ್ಕ ಆ ತಿಂಗಳ ಸಂಬಳಕ್ಕೂ ಬಂದಿರ್ಲಿಲ್ಲ. ಪಕ್ಕದ ಪಿಜಿಯಲ್ಲಿ ಕೆಲಸ ಮಾಡೋರ ಹತ್ರ ಕೇಳಿ, ಅವರ ಮನೆ ಎಲ್ಲಿ ಅಂತ ಕೊನೆಗೂ ತಿಳ್ಕೊಂಡಿದೀನಿ. ಭಾನುವಾರ ನಾನೂ ರೂಮ್‌ಮೇಟೂ ಹೋಗ್ತಿದೀವಿ. ಬಾಕಿ ಸಂಬಳ ಓನರ್ ಆಂಟಿಯಿಂದ ಇಸ್ಕೊಂಡಿದೀವಿ. ಏನು ಹೇಳ್ಬೇಕು ಅಂತ ಇನ್ನೂ ಗೊತ್ತಿಲ್ಲ. "ಅಕ್ಕಾ, ತಪ್ಪಾಯ್ತು" ಅಂತ ಶುರು ಮಾಡ್ತೀನಿ.

ನಿಮ್ಮ ಜೀವನದಲ್ಲೂ ಹೀಗೆ ಸುಮ್ಮನೆ ಅನುಮಾನಪಟ್ಟ ಒಬ್ರು ಇದ್ರೆ, ಕಮೆಂಟಲ್ಲಿ ಹೆಸರು ಬರೀಬೇಡಿ. ಅವರಿಗೇ ಒಂದು ಫೋನ್ ಮಾಡಿ.

#ಪತ್ತೇದಾರಿ #ಇತಿಹಾಸ #ಕನ್ನಡದಲ್ಲಿಓದಿ